ಸತ್ಯಾಂಶ: ಉಕ್ರೇನಿಗೆ ಹೋದದ್ದೆಲ್ಲ ನಗದೇ?

ಪಾಶ್ಚಾತ್ಯ ದೇಶಗಳು ಉಕ್ರೇನಿಗೆ ಕಂತೆ ಕಂತೆ ನೋಟು ಸುರಿಯುತ್ತಿವೆ, ಅದು ನಿಂತ ಮರುದಿನವೇ ಯುದ್ಧ ಮುಗಿಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡೂ ಮಾತು ಸರಿಯಲ್ಲ.

ಅಮೆರಿಕ 2024ರ ಏಪ್ರಿಲ್‌ನಲ್ಲಿ ಒಪ್ಪಿದ ಸುಮಾರು 61 ಶತಕೋಟಿ ಡಾಲರ್‌ ನೆರವನ್ನೇ ನೋಡಿ. ಅದರ ದೊಡ್ಡ ಪಾಲು ಉಕ್ರೇನಿನ ಖಜಾನೆಗೆ ಹೋಗುವ ಹಣವಲ್ಲ. ಕೊಟ್ಟ ಶಸ್ತ್ರಗಳ ಜಾಗ ತುಂಬಲು, ಹೊಸದನ್ನು ತಯಾರಿಸಲು ಬಹುಮಟ್ಟಿಗೆ ಅಮೆರಿಕದ ಕಾರ್ಖಾನೆಗಳಲ್ಲೇ ಖರ್ಚಾಗುವ ಮೊತ್ತ. ಸರ್ಕಾರ ನಡೆಸಲು ಕೊಟ್ಟ ಸುಮಾರು 8 ಶತಕೋಟಿಯೂ ಸಾಲದ ರೂಪದಲ್ಲಿತ್ತು, ಮನ್ನಾ ಮಾಡುವ ಅವಕಾಶದೊಂದಿಗೆ. ಹಾಗೆಂದು ಉಕ್ರೇನಿನಲ್ಲಿ ಭ್ರಷ್ಟಾಚಾರವೇ ಇಲ್ಲ ಎಂದಲ್ಲ. ಸೇನಾ ಖರೀದಿಯ ಹಗರಣಗಳನ್ನು ಅಲ್ಲಿನ ಪತ್ರಕರ್ತರೇ ಬಯಲಿಗೆ ತಂದಿದ್ದಾರೆ.

ಇನ್ನು ಶಾಂತಿ. ಉಕ್ರೇನಿನ ಪೂರ್ವ ಭಾಗವಾದ ಡಾನ್‌ಬಾಸ್‌ನಲ್ಲಿ ಕಾದಾಟ ಶುರುವಾದದ್ದು 2014ರಲ್ಲಿ, ಈ ಪ್ರಮಾಣದ ನೆರವು ಬಂದದ್ದು 2022ರ ನಂತರ. ನಡುವೆ ಕದನವಿರಾಮಕ್ಕೆಂದು ಆದ ಮಿನ್ಸ್ಕ್ ಒಪ್ಪಂದಗಳು ಉಳಿಯಲಿಲ್ಲ. ನೆಲ ಯಾರದು, ಮತ್ತೆ ದಾಳಿಯಾಗದಂತೆ ಖಾತರಿ ಕೊಡುವವರು ಯಾರು ಎಂಬಲ್ಲೇ ಮಾತುಕತೆ ಸಿಕ್ಕಿಬೀಳುತ್ತದೆ.

ಮುಂದಿನ ಸಲ ಇಂಥ ಅಂಕಿ ಬಂದರೆ, ಅದು ಘೋಷಿಸಿದ್ದೋ ತಲುಪಿದ್ದೋ, ಶಸ್ತ್ರದ ಬೆಲೆಯೋ ಸಾಲವೋ ಎಂದು ನೋಡಿ. ಕಾಯ್ದೆಯ ಪಠ್ಯ, ಲೆಕ್ಕಪರಿಶೋಧನೆಯ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ.