ವರ್ಷಕ್ಕೆ 300 ತತ್ತಿ

ಇವತ್ತು ಬೆಳಿಗ್ಗೆ ಧಾರವಾಡ ಮಾರ್ಕೆಟ್ ಹತ್ತಿರ ಒಂದು ಟೆಂಪೊ ನಿಂತಿತ್ತು. ಪಂಜರದ ತುಂಬ ಕಂದು ಬಣ್ಣದ ಎಳೆ ಹ್ಯಾಟಿಗಳು, ಅಂದರೆ ಹೆಣ್ಣು ಕೋಳಿಗಳು. "ವರ್ಷಕ್ಕ ಮುನ್ನೂರು ತತ್ತಿ ರೀ, ಮುನ್ನೂರು!" ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಜನ ಮುಗಿಬಿದ್ದಿದ್ದರು. ನನ್ನ ಕಣ್ಣು ತುಂಬಿ ಬಂತು. ಮೊನ್ನೆ ಭಾನುವಾರವಷ್ಟೇ ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ನಮ್ಮ ಹ್ಯಾಟಿ ಕೆಂಪಿಯನ್ನು ಮಣ್ಣು ಮಾಡಿದ್ದೇನೆ.

ಇಂಥದೇ ಗಾಡಿಯಿಂದ ತಂದ ನಾಲ್ಕು ಹ್ಯಾಟಿಗಳಲ್ಲಿ ಕೊನೆಗೆ ಉಳಿದಿದ್ದದ್ದು ಕೆಂಪಿ. ವಯಸ್ಸು ಎರಡೂವರೆ ವರ್ಷ. "ನಿಮ್ಮ ಹಿತ್ತಲಕ್ಕ ಕೋಳಿ ಆಗಿಬರಂಗಿಲ್ಲ ಬಿಡ್ರಿ" ಅಂದರು ಪಕ್ಕದ ಮನೆಯವರು. ಹಿತ್ತಲಿಗೆ ಏನಾಗಿದೆ? ಅದೇ ಹಿತ್ತಲಿನಲ್ಲಿ ನಮ್ಮ ಜವಾರಿ ಕರಿ ಹ್ಯಾಟಿ ಆರನೇ ವರ್ಷವೂ ತಿಪ್ಪೆ ಕೆದರುತ್ತ ಓಡಾಡುತ್ತಿದೆ.

ಕೆಂಪಿ ಮೂರು ದಿನ ಬಾಲ ಇಳಿಬಿಟ್ಟು, ನೆಟ್ಟಗೆ ಕಂಬದ ಹಾಗೆ ನಿಂತಿತ್ತು. ಜುಟ್ಟು ಬಿಳಿಚಿಕೊಂಡಿತ್ತು. ಎತ್ತಿಕೊಂಡರೆ ಹೊಟ್ಟೆ ಬಿಸಿನೀರಿನ ಚೀಲದ ಹಾಗೆ ಬಿಸಿ, ಭಾರ. ಸತ್ತ ಮೇಲೆ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ಒಳಗೆಲ್ಲ ಬೇಯಿಸಿದ ತತ್ತಿಯ ಹಳದಿಯಂಥ ಗಂಟುಗಳು. ಹಳದಿ, ತತ್ತಿ ತಯಾರಾಗೋ ಅಂಡನಾಳಕ್ಕೆ ಇಳಿಯೋ ಬದಲು ಹೊಟ್ಟೆಯೊಳಗೆ ಬಿದ್ದು, ಸೋಂಕಾಗಿ, ಅಲ್ಲೇ ಕೊಳೆತಿತ್ತು. ಮೊದಲೇ ಸತ್ತ ಮೂರರಲ್ಲಿ ಒಂದಕ್ಕೆ ತತ್ತಿ ಒಳಗೇ ಸಿಕ್ಕಿಕೊಂಡಿತ್ತು. ಒಂದಕ್ಕೆ ಅಂಡನಾಳವೇ ಹೊರಗೆ ಬಂದಿತ್ತು. ಒಂದು ಯಾಕೆ ಸತ್ತಿತು ಅಂತ ಗೊತ್ತಾಗಲೇ ಇಲ್ಲ.

ಇದು ಹಣೆಬರಹ ಅಲ್ಲ. ನಾವೇ ಹೀಗೆ ಮಾಡಿಟ್ಟಿದ್ದೇವೆ. ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ 10-15 ತತ್ತಿ ಇಡುತ್ತದೆ. ನಮ್ಮ ಕರಿ ಹ್ಯಾಟಿ ಒಂದು ಸಲಕ್ಕೆ ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತುಬಿಡುತ್ತದೆ. ಅಷ್ಟು ದಿನ ಮೈಗೆ ಬಿಡುವು. ಕೆಂಪಿಗೆ ಆ ಬಿಡುವೇ ಇರಲಿಲ್ಲ. ಕಾವಿಗೆ ಕೂರೋ ಗುಣವನ್ನೇ ತಳಿಯಿಂದ ತೆಗೆದುಹಾಕಿದ್ದಾರೆ. ಒಂದು ತತ್ತಿಯ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಬೇಕು, 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದಿದ್ದರೆ ಮೂಳೆಯಿಂದ ಕಿತ್ತುಕೊಳ್ಳುತ್ತದೆ. ದಿನಾ ಇದೇ. ಹೆಂಗಸರ ಅಂಡಾಶಯದ ಕ್ಯಾನ್ಸರ್ ಬಗ್ಗೆ ತಿಳಿಯಲು ವಿಜ್ಞಾನಿಗಳು ಇಂಥ ಕೋಳಿಗಳನ್ನೇ ನೋಡುತ್ತಾರೆ, ಯಾಕೆಂದರೆ ಇವಕ್ಕೆ ಅದು ತಾನಾಗಿಯೇ ಬರುತ್ತದೆ. ಓದಿದಾಗ ಊಟ ಸೇರಲಿಲ್ಲ.

ಜವಾರಿ ಕೋಳಿಗೆ ರೋಗ ಬರಲ್ವಾ ಅಂತ ಕೇಳುತ್ತೀರಿ. ಬರುತ್ತದೆ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಓಣಿಗೆ ಓಣಿಯೇ ಖಾಲಿ. ಆದರೆ ಅದಕ್ಕೆ ಲಸಿಕೆ ಇದೆ, ಮರಿ ಇದ್ದಾಗ ಏಳನೇ ದಿನಕ್ಕೇ ಕಣ್ಣಿಗೆ ಒಂದು ಹನಿ. ತತ್ತಿ ಇಟ್ಟೂ ಇಟ್ಟೂ ಮೈ ಸವೆದರೆ ಯಾವ ಲಸಿಕೆ ಹಾಕಿಸೋದು? ಬಡವರಿಗೆ ಅಗ್ಗದ ತತ್ತಿ ಬೇಡವಾ ಅನ್ನೋದೂ ಗೊತ್ತು. ಬೇಕು. ಆದರೆ ಹಿತ್ತಲಿನಲ್ಲಿ ಸಾಕುವವರಿಗೆ ಈ ಕೋಳಿ ಎಷ್ಟು ವರ್ಷ ಬದುಕುತ್ತದೆ ಅಂತ ಮೊದಲೇ ಹೇಳಬೇಕಲ್ವಾ? ಫಾರಂನಲ್ಲಿ 72-80 ವಾರಕ್ಕೆಲ್ಲ ಮಾಂಸಕ್ಕೆ ಮಾರಿಬಿಡುತ್ತಾರೆ. ಆಮೇಲಿನ ನರಳಾಟ ಅಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಅದು ಬೀಳೋದು ನಮ್ಮಂಥವರ ಹಿತ್ತಲಿನಲ್ಲಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮನಸ್ಸು ತಡೆಯುತ್ತಿಲ್ಲ. ಮೊದಲ ವರ್ಷ ನಾನೂ ಕ್ಯಾಲೆಂಡರ್ ಮೇಲೆ ಗೀಟು ಹಾಕಿ ತತ್ತಿ ಎಣಿಸುತ್ತಿದ್ದೆ. ಡಿಸೆಂಬರ್‌ನಲ್ಲಿ ಹಗಲು ಕಡಿಮೆಯಾಗಿ ತತ್ತಿ ಇಳಿದಾಗ ಗೂಡಿಗೆ ಬಲ್ಬ್ ಹಾಕಿದೆ. ಬೆಳಕು ಜಾಸ್ತಿಯಾದರೆ ಕೋಳಿ ಜಾಸ್ತಿ ಇಡುತ್ತದೆ ಅಂತ ಯಾರೋ ಹೇಳಿದ್ದರು. ನಿಜ, ಇಟ್ಟವು. ಚಳಿಗಾಲದಲ್ಲಿ ಸಿಗುತ್ತಿದ್ದ ಒಂದಿಷ್ಟು ವಿಶ್ರಾಂತಿಯನ್ನೂ ನಾನೇ ಕಸಿದುಕೊಂಡೆ.

ಟೆಂಪೊ ಹತ್ತಿರ ಒಬ್ಬ ಹುಡುಗಿ ಎರಡು ಹ್ಯಾಟಿ ಕೊಂಡಳು. "ಎಷ್ಟ ವರ್ಷ ಬದುಕತಾವ ಅಣ್ಣ?" ಅಂತ ಕೇಳಿದಳು. "ತತ್ತಿ ಇಡೋತನಕ ಇಟ್ಕೊ" ಅಂದರು. ನಾನು ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡು. ರಾತ್ರಿ ಲೈಟ್ ಹಚ್ಚಬೇಡ. ಬಾಲ ಇಳಿಬಿಟ್ಟು ನಿಂತರೆ ನಾಳೆ ನೋಡೋಣ ಅನ್ನಬೇಡ, ಅವತ್ತೇ ಡಾಕ್ಟರ ಹತ್ತಿರ ಒಯ್ಯಿ. ಅವಳು ತಲೆಯಾಡಿಸಿ, ಎರಡನ್ನೂ ಓಢಣಿಯೊಳಗೆ ಸುತ್ತಿಕೊಂಡು ಬಸ್ ಹತ್ತಿದಳು.