ಮಗುವಿನ ಅಸೆಸ್‌ಮೆಂಟ್ ಯಾರ ಕೈಲಿ ಮಾಡಿಸಬೇಕು?

"ನಿಮ್ಮ ಮಗುವಿಗೆ ಒಂದು ಅಸೆಸ್‌ಮೆಂಟ್ ಮಾಡಿಸಿ ರಿಪೋರ್ಟ್ ತಂದುಕೊಡಿ" ಎಂದು, ಅಂದರೆ ಓದು ಬರಹದಲ್ಲಿ ಎಡವುವ ಮಗುವಿನ ಬುದ್ಧಿಶಕ್ತಿ, ಕಲಿಕೆಯನ್ನು ಸೈಕಾಲಜಿಸ್ಟ್ ಕೈಲಿ ಪರೀಕ್ಷೆ ಮಾಡಿಸಿ ಎಂದು, ಶಾಲೆಯವರು ಹೇಳಿದ ಕೂಡಲೇ ಹೆಚ್ಚಿನ ಅಪ್ಪ ಅಮ್ಮಂದಿರು ಶಾಲೆಯವರೇ ಬರೆದುಕೊಟ್ಟ ನಂಬರಿಗೆ ಫೋನ್ ಮಾಡುತ್ತಾರೆ. ಎಷ್ಟೋ ಸಲ ಆ ನಂಬರು ಒಂದು ಥೆರಪಿ ಸೆಂಟರಿನದಾಗಿರುತ್ತದೆ. ಪರೀಕ್ಷೆ ಅಲ್ಲೇ, ರಿಪೋರ್ಟ್ ಅಲ್ಲೇ, ವಾರಕ್ಕೆ ಮೂರು ಸೆಷನ್ನಿನ ಆರು ತಿಂಗಳ ಪ್ಯಾಕೇಜೂ ಅಲ್ಲೇ. ಅಲ್ಲಿರುವವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಪ್ರಾಮಾಣಿಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ವ್ಯವಸ್ಥೆಯೇ ಸರಿಯಿಲ್ಲ. ಮಗುವಿನ ತೊಂದರೆ ಏನೆಂದು ತೀರ್ಮಾನಿಸುವವರಿಗೆ ಆ ತೀರ್ಮಾನದಿಂದ ದುಡ್ಡು ಹುಟ್ಟಬಾರದು. ಶಾಲೆಯಿಂದ ಸಂಬಳವೋ ರೆಫರಲ್ಲೋ ಪಡೆಯುವವರ ವಿಷಯದಲ್ಲೂ ಇದೇ ಮಾತು: ಮಗುವಿನ ಪರವಾಗಿ ಶಾಲೆಗೆ ಒಗ್ಗದ ಶಿಫಾರಸು ಬರೆಯಬೇಕಾಗಿ ಬಂದಾಗ ಅವರ ಕೈ ಹಿಂಜರಿಯುತ್ತದೆ.

ಸರ್ಕಾರಿ ಸಂಸ್ಥೆಗಳಲ್ಲಿ ಪರೀಕ್ಷೆ, ಥೆರಪಿ ಎರಡೂ ಒಂದೇ ಸೂರಿನಡಿ ಇದ್ದರೂ ಈ ಭಯವಿಲ್ಲ, ಅಲ್ಲಿ ಯಾರೂ ಪ್ಯಾಕೇಜು ಮಾರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ದಾವಣಗೆರೆಯಲ್ಲಿರುವ ಅಂಗವಿಕಲರ ಪ್ರಾದೇಶಿಕ ಕೇಂದ್ರ ಸಿಆರ್‌ಸಿ, ಇವು ಮೊದಲು ವಿಚಾರಿಸಬೇಕಾದ ಜಾಗಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇರುತ್ತದೆ, ನಿಮ್ಮ ಜಿಲ್ಲೆಯಲ್ಲಿ ಅದು ಭರ್ತಿಯಾಗಿದೆಯೇ ಎಂದು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಸರ್ಕಾರಿ ಶಾಲೆಯ ಮಗುವಾದರೆ ಬಿಇಒ ಕಚೇರಿ ವ್ಯಾಪ್ತಿಯ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಹಿಡಿಯಿರಿ, ತಾಲ್ಲೂಕಿನಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ಯಾವಾಗ ಎಂಬುದು ಅವರಿಗೇ ಗೊತ್ತಿರುವುದು. ಈ ಕಡೆಗಳಲ್ಲಿ ಕಾಯಬೇಕು, ಅದು ನಿಜ. ಕಾಯಲು ಆಗದವರು ಖಾಸಗಿಯಾಗಿ ಕೆಲಸ ಮಾಡುವವರನ್ನು ಹುಡುಕಬೇಕಾಗುತ್ತದೆ. ಮುಂದಿನದೆಲ್ಲ ಮುಖ್ಯವಾಗಿ ಅವರಿಗಾಗಿ.

ಮೊದಲ ಗೊಂದಲ ಬೋರ್ಡಿನ ಮೇಲಿನ ಹೆಸರಿನದು. ಇಂಗ್ಲೆಂಡಿನಲ್ಲಿ ಎಜುಕೇಶನಲ್ ಸೈಕಾಲಜಿಸ್ಟ್ ಎಂಬುದು ಕಾನೂನಿನ ರಕ್ಷಣೆಯಿರುವ ವೃತ್ತಿನಾಮ; ಅಲ್ಲಿನ ನೋಂದಣಿ ಸಂಸ್ಥೆ ಎಚ್‌ಸಿಪಿಸಿಯ ಪಟ್ಟಿಯಲ್ಲಿ ಹೆಸರಿಲ್ಲದವರು ಅದನ್ನು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ನೋಂದಾಯಿಸುವ ವರ್ಗಗಳಲ್ಲಿ ಆ ಹೆಸರೇ ಇಲ್ಲ. ಹಾಗಾಗಿ ಎಜುಕೇಶನಲ್ ಸೈಕಾಲಜಿಸ್ಟ್, ಚೈಲ್ಡ್ ಸೈಕಾಲಜಿಸ್ಟ್, ಕೌನ್ಸೆಲರ್ ಎಂಬ ಬೋರ್ಡು ನೋಡಿ ಏನೂ ತಿಳಿಯುವುದಿಲ್ಲ. ನಿಮಗೆ ಬೇಕಾದವರು ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್. ಅವರಿಗೊಂದು ಸಿಆರ್‌ಆರ್ ನಂಬರ್, ಅಂದರೆ ಆರ್‌ಸಿಐನ ಕೇಂದ್ರ ಪಟ್ಟಿಯ ನೋಂದಣಿ ಸಂಖ್ಯೆ, ಇರುತ್ತದೆ. ಫೋನಿನಲ್ಲೇ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಹೆಸರು ಹೊಂದುತ್ತದೆಯೇ, ನೋಂದಣಿ ಚಾಲ್ತಿಯಲ್ಲಿದೆಯೇ, ವರ್ಗ ಯಾವುದು, ಮೂರನ್ನೂ ನೋಡಬೇಕು. ವರ್ಗ ನೋಡದೆ ಮೋಸಹೋಗುವವರು ಬಹಳ. ಸ್ಪೆಷಲ್ ಎಜುಕೇಟರಿಗೂ (ವಿಶೇಷ ಶಿಕ್ಷಕರು) ಸಿಆರ್‌ಆರ್ ನಂಬರ್ ಇರುತ್ತದೆ, ಆದರೆ ಅವರು ಐಕ್ಯೂ ಪರೀಕ್ಷೆ ಮಾಡಿ ಡಯಾಗ್ನೋಸಿಸ್‌ಗೆ ಸಹಿ ಹಾಕುವವರಲ್ಲ. ನಂಬರ್ ಕೇಳಿದ್ದಕ್ಕೆ ಸಿಡುಕಿದರೆ ಅಲ್ಲಿಗೇ ಬಿಟ್ಟುಬಿಡಿ.

ಫೋನಿನಲ್ಲಿ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಯಾವ ಪರೀಕ್ಷೆಗಳನ್ನು ಮಾಡುತ್ತೀರಿ, ಯಾವ ಆವೃತ್ತಿ? ಯಾವ ಭಾಷೆಯಲ್ಲಿ? ಮಗುವಿನ ಎದುರು ಕೂರುವವರು ನೀವೋ, ನಿಮ್ಮ ಟ್ರೇನಿಯೋ? (ಟ್ರೇನಿ ಮಾಡಿದರೆ ತಪ್ಪಿಲ್ಲ, ಮೇಲ್ವಿಚಾರಣೆ ಮಾಡುವವರು ಮಗುವನ್ನು ಖುದ್ದು ನೋಡಿರಬೇಕು ಅಷ್ಟೆ.) ಎಷ್ಟು ಸೆಷನ್? ಟೀಚರ್ ಜೊತೆ ಮಾತಾಡುತ್ತೀರಾ? ರಿಪೋರ್ಟ್ ಕೊಡುವಾಗ ನಮಗೆ ಕೂತು ವಿವರಿಸುತ್ತೀರಾ, ಅದು ಫೀಸಿನಲ್ಲೇ ಸೇರಿದೆಯಾ? ನಿಮ್ಮದೇ ಥೆರಪಿ ಸೆಂಟರ್ ಇದೆಯಾ, ನಮ್ಮ ಶಾಲೆಯ ಜೊತೆ ನಿಮಗೆ ಒಪ್ಪಂದ ಏನಾದರೂ ಇದೆಯಾ? ಕೊನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳಿ.

ಐಕ್ಯೂ ಪರೀಕ್ಷೆಗೇ ಒಂದರಿಂದ ಒಂದೂವರೆ ಗಂಟೆ ಬೇಕು. ಓದು, ಬರಹ, ಲೆಕ್ಕ, ಗಮನ, ಪೋಷಕರ ಜೊತೆಗಿನ ಮಾತುಕತೆ ಎಲ್ಲ ಸೇರಿದರೆ ಎರಡು ಮೂರು ಸಿಟ್ಟಿಂಗ್ ಆಗುತ್ತದೆ. ಒಂದೇ ಗಂಟೆಯಲ್ಲಿ ಮುಗಿಸಿ ಸಂಜೆಗೇ ರಿಪೋರ್ಟ್ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಪೂರ್ತಿ ಪರೀಕ್ಷೆಯನ್ನು ವಿಡಿಯೊ ಕಾಲ್‌ನಲ್ಲಿ ಮಾಡುತ್ತೇವೆ ಎನ್ನುವವರ ಹತ್ತಿರವೂ ಬೇಡ. ಮರದ ಬ್ಲಾಕ್ ಜೋಡಿಸುವ ಮಗುವಿನ ಕೈಯನ್ನು ಎದುರು ಕೂತು ನೋಡಬೇಕು. ಬೆರಳಚ್ಚು ತೆಗೆದು ಮಗುವಿನ ಬುದ್ಧಿಶಕ್ತಿ ಹೇಳುವ ಡಿಎಂಐಟಿ, ಮಿದುಳಿನ ನಡುಭಾಗ ಚುರುಕು ಮಾಡುತ್ತೇವೆ ಎನ್ನುವ ಮಿಡ್‌ಬ್ರೈನ್ ಆ್ಯಕ್ಟಿವೇಶನ್, ಇವಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಇಂಥದ್ದನ್ನು ಶಾಲೆಗಳೇ ಕ್ಯಾಂಪ್ ಮಾಡಿ ತರಿಸುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸೈಕಾಲಜಿಸ್ಟ್ ಹತ್ತಿರ ಹೋಗುವ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಮುಗಿದಿರಲಿ. ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ವರದಿ, ಕೇಳದೆ ಕಲಿಕಾ ನ್ಯೂನತೆ (ಬುದ್ಧಿ ಇದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಅಂತ ಬರೆಯುವವರು ಅರ್ಧ ಕೆಲಸ ಮಾಡಿದ ಹಾಗೆ. ಜೊತೆಗೆ ಮೂರು ವರ್ಷದ ಅಂಕಪಟ್ಟಿ, ಹುಟ್ಟಿದಾಗಿನ ಡಿಸ್‌ಚಾರ್ಜ್ ಸಾರಾಂಶ, ಹಿಂದಿನ ರಿಪೋರ್ಟ್ ಏನಾದರೂ ಇದ್ದರೆ ಅದು, ಕ್ಲಾಸ್ ಟೀಚರ್ ಬರೆದ ಅರ್ಧ ಪುಟದ ಟಿಪ್ಪಣಿ ತೆಗೆದುಕೊಂಡು ಹೋಗಿ. ಎಲ್ಲಕ್ಕಿಂತ ಮುಖ್ಯ ನೋಟ್‌ಬುಕ್ಕು, ಅದೂ ಚೆಂದದ್ದಲ್ಲ, ರಫ್ ನೋಟ್‌ಬುಕ್ಕು. ಬೋರ್ಡ್ ನೋಡಿ ನಕಲು ಮಾಡಿದ ಪುಟದಲ್ಲಿ ಮುತ್ತಿನಂಥ ಅಕ್ಷರ, ಉಕ್ತಲೇಖನದ ಪುಟದಲ್ಲಿ ಸಾಲುಸಾಲು ಕೆಂಪು ಗೆರೆ. ಅನುಭವಿ ಸೈಕಾಲಜಿಸ್ಟ್ ಆ ಎರಡು ಪುಟವನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಾರೆ, ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಮಗುವಿಗೆ ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ. ಚೆನ್ನಾಗಿ ನಿದ್ದೆ ಆಗಿರಲಿ, ತಿಂಡಿ ತಿಂದಿರಲಿ, ಕನ್ನಡಕ ಮರೆಯಬೇಡಿ. ಜ್ವರವಿದ್ದರೆ ಮುಂದಕ್ಕೆ ಹಾಕಿ.

ಇನ್ನು ಭಾಷೆಯ ವಿಷಯ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಅದನ್ನು ಕೇಳುವವರೂ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಇಂಗ್ಲಿಷ್ ಪದಪಟ್ಟಿ ಕೊಟ್ಟು "ಎರಡು ತರಗತಿ ಹಿಂದಿದೆ" ಎಂದು ಬರೆದ ರಿಪೋರ್ಟಿಗೆ ಬೆಲೆಯಿಲ್ಲ. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ, ಶಾಲೆಯಲ್ಲಿ ಇಂಗ್ಲಿಷು, ಕನ್ನಡ ಎರಡನೇ ಭಾಷೆ, ಹೀಗಿರುವ ಮಗುವಿನ ವಿಷಯದಲ್ಲಿ ಯಾವ ಭಾಷೆಗೆ ಎಷ್ಟು ವರ್ಷ ಒಡ್ಡಿಕೊಂಡಿದೆ ಎಂಬುದು ರಿಪೋರ್ಟಿನ ಮೊದಲ ಪುಟದಲ್ಲೇ ಇರಬೇಕು. ಕನ್ನಡದ ಅಕ್ಷರ ಕಲಿಯುವುದು ಇಂಗ್ಲಿಷಿನ 26 ಅಕ್ಷರ ಕಲಿತ ಹಾಗಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ. ಸಾಮಾನ್ಯ ಮಕ್ಕಳಿಗೂ ಅವು ಪೂರ್ತಿ ಹಿಡಿತಕ್ಕೆ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆ ಎಂಬುದನ್ನು ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳ ಮೇಲೆ ಮಾಡಿದ ಅಧ್ಯಯನ ತೋರಿಸಿದೆ. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರ ಬಿಟ್ಟಿತು ಅಂತ ಡಿಸ್ಲೆಕ್ಸಿಯಾ, ಅಂದರೆ ಓದಿನ ನ್ಯೂನತೆ, ಎನ್ನಲಾಗದು. ಐದನೇ ತರಗತಿಯಲ್ಲೂ "ಅಮ್ಮ" ಎಂಬಲ್ಲಿ "ಅಮ", "ಕತ್ತೆ" ಎಂಬಲ್ಲಿ "ಕತೆ" ಅಂತ ಪ್ರತಿ ಸಾಲಿನಲ್ಲೂ ಬರೆಯುತ್ತಿದ್ದರೆ ಅದು ಬೇರೆ ಮಾತು.

ತಪ್ಪುಗಳಲ್ಲೂ ತರತಮ ಇದೆ. ಮಂಡ್ಯದ ಕಡೆಯ ಮಗು "ಹಾಲು" ಎಂಬುದನ್ನು "ಆಲು" ಅಂತ ಬರೆದರೆ ಅದು ಮನೆಯ ಮಾತು, ನ್ಯೂನತೆಯಲ್ಲ. ಶ, ಷ, ಸ ಅದಲುಬದಲಾಗುವುದು, ಅಲ್ಪಪ್ರಾಣ ಮಹಾಪ್ರಾಣ ತಪ್ಪುವುದು ದೊಡ್ಡವರಲ್ಲೂ ಇದೆ. ಆದರೆ ಹ್ರಸ್ವ ದೀರ್ಘ ಒಂದೇ ಪುಟದಲ್ಲಿ ಒಮ್ಮೆ ಸರಿ ಒಮ್ಮೆ ತಪ್ಪು, ಪದದ ಮಧ್ಯದ ಅಕ್ಷರವೇ ಮಾಯ, ಅರ್ಕಾವೊತ್ತು ಕಂಡರೆ ನಿಂತುಬಿಡುವುದು, ಇವನ್ನು ಗುರುತು ಹಾಕಿಕೊಳ್ಳಬೇಕು. "ಸೂರ್ಯ" ಎಂಬಲ್ಲಿ ರಕಾರ ಕಿವಿಗೆ ಯಕಾರಕ್ಕಿಂತ ಮೊದಲು ಕೇಳಿಸುತ್ತದೆ, ಅರ್ಕಾವೊತ್ತಿನ ಗುರುತನ್ನು ಬರೆಯುವುದು ಮಾತ್ರ ಯಕಾರದ ನಂತರ. ಧ್ವನಿಗೂ ಬರಹಕ್ಕೂ ಕ್ರಮ ಹೀಗೆ ತಿರುಗುವಲ್ಲೇ ಕೆಲವು ಮಕ್ಕಳು ಎಡವುತ್ತಾರೆ. ಈ ವ್ಯತ್ಯಾಸಗಳನ್ನು ಬಿಡಿಸಿ ಬರೆಯದ, ಬರೀ "ಸ್ಪೆಲ್ಲಿಂಗ್ ದೋಷ" ಎಂದು ಮುಗಿಸಿದ ರಿಪೋರ್ಟ್ ಹಿಡಿದು ಸ್ಪೆಷಲ್ ಎಜುಕೇಟರ್ ಏನು ಕಲಿಸಬೇಕು? ನಿಮ್ಹಾನ್ಸ್ ಬ್ಯಾಟರಿಯ (ಕಲಿಕಾ ನ್ಯೂನತೆ ಪತ್ತೆಗೆ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಗುಂಪು) ಜೊತೆಗೆ ಕನ್ನಡದಲ್ಲೇ ಓದಿಸುವ ಬರೆಸುವ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಡಿಸ್ಲೆಕ್ಸಿಯಾ ಗುರುತಿಸಲು ಸಿದ್ಧಪಡಿಸಿದ ಡಾಲಿ ಎಂಬ ಸಾಧನ ಕನ್ನಡದಲ್ಲೂ ಇದೆ, ಅದು 5ನೇ ತರಗತಿಯವರೆಗಿನ ಮಕ್ಕಳಿಗೆ.

ನಿಮ್ಹಾನ್ಸ್ ಬ್ಯಾಟರಿಯಲ್ಲಿ ಎರಡು ಹಂತ, 5ರಿಂದ 7 ವರ್ಷಕ್ಕೊಂದು, 8ರಿಂದ 12ಕ್ಕೊಂದು. ಒಂಬತ್ತನೇ ತರಗತಿಯ ಮಗುವಿಗೂ ಅದನ್ನೇ ಬಳಸುತ್ತಾರೆ. ಬಳಸಿದ್ದರೆ ಹಾಗೆಂದು ಬರೆದು, ಬೇರೆ ಏನು ಸೇರಿಸಿದರು ಎಂಬುದನ್ನೂ ಬರೆದಿರಬೇಕು. ಐಕ್ಯೂಗೆ ಬಳಸುವ ಮ್ಯಾಲಿನ್ ಪರೀಕ್ಷೆ 1969ರದು. ಕನ್ನಡ, ಮರಾಠಿ ಮಕ್ಕಳಿಗಾಗಿ ವಿ. ವಿ. ಕಾಮತ್ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆಯೂ ಹಳೆಯದೇ. ಇಷ್ಟು ಹಳೆಯ ಮಾನಕಗಳಲ್ಲಿ ಅಂಕ ನಿಜಕ್ಕಿಂತ ತುಸು ಏರಿಯೇ ಬರುತ್ತದೆ. ವೆಕ್ಸ್ಲರ್ ಪರೀಕ್ಷೆಯ ನಾಲ್ಕನೇ ಆವೃತ್ತಿಯ ಭಾರತೀಯ ರೂಪ ಸಿಕ್ಕರೆ ಅದು ಮೇಲು. ಎರಡು ಪರೀಕ್ಷೆಯಲ್ಲಿ ನಾಲ್ಕೈದು ಅಂಕ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ, ಅದು ಸಹಜ. ಆದರೆ ಒಟ್ಟು ಐಕ್ಯೂ ಒಂದನ್ನೇ ಬರೆದ ರಿಪೋರ್ಟ್ ಒಪ್ಪಬೇಡಿ. ಮಾತಿನ ವಿಭಾಗದಲ್ಲಿ 118, ಕೆಲಸದ ವೇಗದಲ್ಲಿ 76 ಬಂದ ಮಗುವಿಗೆ ಒಟ್ಟು 97 ಅಂತ ಬರೆದರೆ ಆ 97ರಲ್ಲಿ ಮಗುವೇ ಕಾಣುವುದಿಲ್ಲ. ಹೆಚ್ಚುವರಿ ಸಮಯ ಯಾಕೆ ಬೇಕು ಎಂಬುದಕ್ಕೆ ಸಾಕ್ಷಿ ಇರುವುದೇ ಆ 76ರಲ್ಲಿ.

2018ರ ಜನವರಿಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಐಕ್ಯೂ 85ಕ್ಕಿಂತ ಹೆಚ್ಚಿದ್ದರೆ ಮಾತ್ರ ನಿರ್ದಿಷ್ಟ ಕಲಿಕಾ ನ್ಯೂನತೆಯ ಪರೀಕ್ಷೆಗೆ ಮುಂದುವರಿಯಬೇಕಿತ್ತು. 70ಕ್ಕಿಂತ ಕಡಿಮೆ ಬಂದರೆ ಬೌದ್ಧಿಕ ನ್ಯೂನತೆಯ ದಾರಿ. ನಡುವಿನ ಮಕ್ಕಳು ಯಾವ ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಸಿಗದೆ ಉಳಿಯುತ್ತಿದ್ದರು. ಇದು ನಮ್ಮ ವ್ಯವಸ್ಥೆಯ ದೊಡ್ಡ ಅನ್ಯಾಯ. ಹಾಗಂತ "ಸ್ವಲ್ಪ ಅಂಕ ಏರಿಸಿಕೊಡಿ" ಅಂತ ಯಾರನ್ನೂ ಕೇಳಬೇಡಿ, ಏರಿಸಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ಪ್ರಮಾಣಪತ್ರ ಕೊಡುವ ಸರ್ಕಾರಿ ಆಸ್ಪತ್ರೆಯ ಮಂಡಳಿ ಮತ್ತೆ ಪರೀಕ್ಷಿಸಿದಾಗ ಸಿಕ್ಕಿಬೀಳುತ್ತದೆ, ಅದಕ್ಕೂ ಹೆಚ್ಚಾಗಿ ಮಗುವಿಗೆ ಬೇಕಾದ ನಿಧಾನದ ಪಾಠ ತಪ್ಪಿಹೋಗುತ್ತದೆ. ಅಂಥ ಮಕ್ಕಳಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, ಒಳ್ಳೆಯ ದಾರಿ. ಅಲ್ಲಿ ಗಣಿತ ಕಡ್ಡಾಯವಲ್ಲ, ಐದು ವಿಷಯ ಸಾಕು.

ಖಾಸಗಿ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಅದು ಪ್ರಮಾಣಪತ್ರವಲ್ಲ, ಇದನ್ನು ಹಣ ಕಟ್ಟುವ ಮೊದಲೇ ತಿಳಿದಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಬೇಕಾದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯ ಮಂಡಳಿ ಎದುರು ಹೋಗಬೇಕು. ಕಲಿಕಾ ನ್ಯೂನತೆಗೆ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಮತ್ತೆ 14ಕ್ಕೆ, 18ಕ್ಕೆ ಮರುಪರೀಕ್ಷೆ ಎಂದು 2018ರ ಮಾರ್ಗಸೂಚಿ ಹೇಳಿತ್ತು. 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಿರುವುದರಿಂದ ಈಗಿನ ನಮೂನೆ ಯಾವುದೆಂದು ಆಸ್ಪತ್ರೆಯಲ್ಲೇ ಕೇಳಿ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ ಹೆಚ್ಚುವರಿ ಸಿಗುತ್ತದೆ. ಎಸ್ಸೆಸ್ಸೆಲ್ಸಿಗೆ ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆಯುವವರು), ಹೆಚ್ಚುವರಿ ಸಮಯ, ಭಾಷಾ ವಿನಾಯಿತಿ ಕೇಳುವ ಅರ್ಜಿ ಶಾಲೆಯ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗಬೇಕು. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಓಡಾಡಿದರೆ ಆಗುವ ಕೆಲಸ ಅಲ್ಲ ಇದು. ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ ಶುರು ಮಾಡಿ.

ಕೈಗೆ ಬಂದ ರಿಪೋರ್ಟಿನಲ್ಲಿ ಪರೀಕ್ಷೆಯ ದಿನಾಂಕ, ಮಗುವಿನ ವಯಸ್ಸು ವರ್ಷ ತಿಂಗಳುಗಳಲ್ಲಿ, ಪರೀಕ್ಷೆಯ ಪೂರ್ತಿ ಹೆಸರು, ಉಪಪರೀಕ್ಷೆಗಳ ಅಂಕ, ಪರೀಕ್ಷೆ ವೇಳೆ ಮಗು ಹೇಗಿತ್ತು ಎಂಬ ವಿವರ, ಸಹಿ, ಸಿಆರ್‌ಆರ್ ನಂಬರ್ ಎಲ್ಲ ಇರಲಿ. ಶಿಫಾರಸುಗಳನ್ನು ಮೊದಲು ಓದಿ. "ಮಗುವಿಗೆ ಪ್ರೋತ್ಸಾಹ ಕೊಡಬೇಕು" ಎಂಬುದು ಶಿಫಾರಸಲ್ಲ. "ಗಣಿತದ ಪ್ರಶ್ನೆಯನ್ನು ಓದಿ ಹೇಳಬೇಕು, ಮೊದಲ ಸಾಲಿನಲ್ಲಿ ಕೂರಿಸಬೇಕು, ಬೋರ್ಡಿನಿಂದ ನಕಲು ಮಾಡಿಸುವ ಬದಲು ಮುದ್ರಿತ ಹಾಳೆ ಕೊಡಬೇಕು, ಕಾಗುಣಿತದ ತಪ್ಪಿಗೆ ವಿಜ್ಞಾನದಲ್ಲಿ ಅಂಕ ಕಳೆಯಬಾರದು", ಇವು ಶಿಫಾರಸುಗಳು. ಶಾಲೆಗೆ ಪೂರ್ತಿ ರಿಪೋರ್ಟ್ ಕೊಡಬೇಕಾಗಿಲ್ಲ. ಮನೆಯ ವಿಚಾರ, ಐಕ್ಯೂ ಅಂಕ ಎಲ್ಲ ಸ್ಟಾಫ್‌ರೂಮಿನಲ್ಲಿ ಓಡಾಡುವುದು ಬೇಡ. ಡಯಾಗ್ನೋಸಿಸ್ ಮತ್ತು ಶಿಫಾರಸು ಮಾತ್ರ ಇರುವ ಎರಡು ಪುಟದ ಪ್ರತಿ ಬೇರೆ ಕೇಳಿ ಪಡೆಯಿರಿ. ಅದನ್ನೂ ನೀವೇ ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಿ, ಸೈಕಾಲಜಿಸ್ಟ್ ನೇರವಾಗಿ ಶಾಲೆಗೆ ಮೇಲ್ ಮಾಡುವುದು ಬೇಡ. ರಿಪೋರ್ಟ್ ನೋಡಿ "ಟಿಸಿ ತಗೊಳ್ಳಿ" ಎಂದರೆ ಅದನ್ನು ಬರಹದಲ್ಲಿ ಕೊಡಲು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ತಾರತಮ್ಯವಿಲ್ಲದ ಪ್ರವೇಶದ ಮಾತಾಡುತ್ತದೆ, ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ರಿಪೋರ್ಟ್ ಒಪ್ಪಿಗೆಯಾಗದಿದ್ದರೆ ಮೊದಲು ಅವರನ್ನೇ ಕೂರಿಸಿ ಕೇಳಿ. ಆಮೇಲೂ ಅನುಮಾನ ಉಳಿದರೆ ಎರಡನೆಯವರ ಹತ್ತಿರ ಹೋಗಬಹುದು, ಆದರೆ ಮೊದಲ ರಿಪೋರ್ಟ್ ಮುಚ್ಚಿಡಬೇಡಿ. ಅದೇ ಐಕ್ಯೂ ಪರೀಕ್ಷೆಯನ್ನು ವರ್ಷದೊಳಗೆ ಮತ್ತೆ ಮಾಡಿದರೆ ಮಗುವಿಗೆ ನೆನಪಿದ್ದು ಅಂಕ ಏರುತ್ತದೆ, ಆ ಫಲಿತಾಂಶ ಯಾರಿಗೂ ಉಪಯೋಗವಿಲ್ಲ. ಅಂಕದ ಹಾಳೆಯನ್ನು ಮುಂದಿಟ್ಟು, ಓದು ಬರಹ ಲೆಕ್ಕದ ಭಾಗ ಮಾತ್ರ ಮತ್ತೆ ಮಾಡಿ ಎಂದು ಕೇಳಿ. ಖರ್ಚೂ ಕಡಿಮೆ, ಮಗುವಿಗೆ ಆಯಾಸವೂ ಕಡಿಮೆ.