ಜಗತ್ತಿಗೆಲ್ಲ ಊಟ, ನಾಳೆ ಬನ್ನಿ

2022ರ ಮೇ 12ರಂದು ಕೇಂದ್ರ ಸರ್ಕಾರ ಒಂದು ಸಿಹಿಸುದ್ದಿ ಕೊಟ್ಟಿತು. ನಮ್ಮ ಗೋಧಿಗೆ ಗಿರಾಕಿ ಹುಡುಕೋಕೆ ಮೊರಾಕ್ಕೊ, ಟುನೀಷಿಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್, ವಿಯೆಟ್ನಾಂ, ಟರ್ಕಿ, ಅಲ್ಜೀರಿಯಾ, ಲೆಬನಾನ್ ದೇಶಗಳಿಗೆ ನಿಯೋಗ ಹೋಗುತ್ತದಂತೆ. ಮೇ 13ರ ರಾತ್ರಿ ಅದೇ ಸರ್ಕಾರ ಗೋಧಿ ರಫ್ತನ್ನೇ ನಿಷೇಧಿಸಿತು.

ನಿಯೋಗದವರ ಪಾಡು ಯೋಚನೆ ಮಾಡಿ. ಸೂಟ್‌ಕೇಸಿಗೆ ಸ್ಯಾಂಪಲ್ ತುಂಬಿಟ್ಟು ಮಲಗಿದವರು ಬೆಳಗ್ಗೆ ಎದ್ದು ಅದನ್ನೇ ಹಿಟ್ಟು ಮಾಡಿಸಿ ಚಪಾತಿ ತಿಂದಿರಬೇಕು.

ಇದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಪ್ರಧಾನಿಯವರು, ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಿದರೆ ನಾಳೆಯಿಂದಲೇ ಜಗತ್ತಿಗೆ ಆಹಾರ ಕೊಡೋಕೆ ಭಾರತ ಸಿದ್ಧ ಅಂದಿದ್ದರು. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದದ್ದು ದೆವ್ವಕ್ಕೆ. ಈಗ ಗಿರಾಕಿಗೂ ಬರೆಯುತ್ತೇವೆ, ಅಷ್ಟೇ ವ್ಯತ್ಯಾಸ. ಮಾರ್ಚ್ ಬಿಸಿಲಿಗೆ ಉತ್ತರ ಭಾರತದ ಗೋಧಿ ಕಾಳು ಹೊಲದಲ್ಲೇ ಸೊರಗಿತ್ತು. ಬೆಳೆದವನಿಗೆ ಆಗಲೇ ಗೊತ್ತಿತ್ತು. ದೆಹಲಿಗೆ ಗೊತ್ತಾಗಲು ಮೇ ತಿಂಗಳು ಬರಬೇಕಾಯಿತು.

2018ರಲ್ಲಿ ಕೃಷಿ ರಫ್ತು ನೀತಿ ಅಂತ ಒಂದು ಬಂದಿತ್ತು. 30 ಬಿಲಿಯನ್ ಡಾಲರ್ ಚಿಲ್ಲರೆಯ ರಫ್ತನ್ನು 2022ರ ಹೊತ್ತಿಗೆ 60 ಬಿಲಿಯನ್ ದಾಟಿಸುವುದು ಗುರಿ. ಪದೇ ಪದೇ ನಿಯಮ ಬದಲಾಯಿಸಬಾರದು, ನೀತಿ ಸ್ಥಿರವಾಗಿರಬೇಕು ಅಂತಲೂ ಅದರಲ್ಲಿದೆ. ಆಮೇಲೆ ನುಚ್ಚಕ್ಕಿ ರಫ್ತು ನಿಂತಿತು. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ನಿಂತಿತು. ಅಮೆರಿಕದಲ್ಲಿರುವ ನಮ್ಮವರು ಇಂಡಿಯನ್ ಸ್ಟೋರುಗಳಿಗೆ ನುಗ್ಗಿ ಅಕ್ಕಿ ಮೂಟೆ ಹೊತ್ತುಕೊಂಡು ಬಂದರು. ಕೃಷಿ ರಫ್ತು ಹೆಚ್ಚಿಸುವ ಅಪೆಡಾ ಅನ್ನೋ ಸಂಸ್ಥೆ ಇರುವುದೂ ವಾಣಿಜ್ಯ ಸಚಿವಾಲಯದ ಕೆಳಗೆ. ರಫ್ತು ನಿಲ್ಲಿಸುವ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಇರುವುದೂ ಅದೇ ಸಚಿವಾಲಯದ ಕೆಳಗೆ. ಇಬ್ಬರಿಗೂ ಸಂಬಳ ಸರಿಯಾಗಿ ಬರುತ್ತದೆ.

ಬೆಲೆ ಏರಿದಾಗ ಊರಿನ ಜನರ ಹೊಟ್ಟೆ ಮೊದಲು ನೋಡಬೇಕು, ಒಪ್ಪೋಣ. ಆದರೆ ಈ ನ್ಯಾಯ ನಮ್ಮ ಬೆಂಗಳೂರು ರೋಸ್ ಈರುಳ್ಳಿಗೆ ಹೇಗೆ ಅನ್ವಯಿಸುತ್ತೆ ನೋಡಿ.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈರುಳ್ಳಿ ಇದು. ಪುಟ್ಟ ಗಾತ್ರ, ತಳ ಚಪ್ಪಟೆ, ಗಾಢ ಗುಲಾಬಿ ಬಣ್ಣ, ಘಾಟು ಜಾಸ್ತಿ. ಒಂದು ಪಲ್ಯಕ್ಕೆ ಹತ್ತು ಸುಲಿಯಬೇಕು, ಕಣ್ಣೀರು ಬೇರೆ. ನಮ್ಮ ಮನೆಗಳಲ್ಲಿ ಯಾರೂ ಕೇಳಲ್ಲ. ಬೆಳೆದದ್ದು ಬಹುಪಾಲು ಮಲೇಷ್ಯಾ, ಸಿಂಗಪುರ, ಶ್ರೀಲಂಕಾಕ್ಕೆ ಹೋಗುತ್ತದೆ. ಅಂದರೆ ರಫ್ತಿಗೆಂದೇ ಹುಟ್ಟಿದ ಬೆಳೆ. 2015ರಲ್ಲಿ, ಇದು ಈ ನೆಲದ್ದೇ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗನ್ನೂ ಕೊಟ್ಟು ಬೆನ್ನು ತಟ್ಟಿದರು.

2019ರಲ್ಲಿ ದೇಶದಲ್ಲಿ ಈರುಳ್ಳಿ ಬೆಲೆ ಏರಿತು. ಎಲ್ಲಾ ಈರುಳ್ಳಿಯ ರಫ್ತೂ ಬಂದ್, ಇದರದ್ದೂ ಬಂದ್. ದೆಹಲಿಯ ಗೃಹಿಣಿ ಜನ್ಮದಲ್ಲಿ ನೋಡದ ಈರುಳ್ಳಿಯನ್ನು ಅವರಿಗೋಸ್ಕರ ತಡೆದು ನಿಲ್ಲಿಸಿದರು! ರೈತರು ಗಲಾಟೆ ಮಾಡಿದ ಮೇಲೆ, ಆಯ್ತಪ್ಪಾ, 9,000 ಟನ್ ಕಳಿಸಿ, ಅದೂ ಚೆನ್ನೈ ಬಂದರಿನಿಂದ ಮಾತ್ರ ಅಂದರು. 2020ರಲ್ಲಿ ಮತ್ತೆ ನಿಷೇಧ, ಮತ್ತೆ ಗಲಾಟೆ, ಮತ್ತೆ ಚೆನ್ನೈ. ಈ ಸಲ 10,000 ಟನ್. ಒಂದೇ ವರ್ಷದಲ್ಲಿ ಸಾವಿರ ಟನ್ ಪ್ರಗತಿ, ಅಲ್ವಾ!

2023ರ ಆಗಸ್ಟ್‌ನಲ್ಲಿ ನಿಷೇಧದ ಬದಲು ಈರುಳ್ಳಿ ರಫ್ತಿಗೆ ಶೇ 40 ಸುಂಕ ಬಂತು. ಬೆಂಗಳೂರು ರೋಸ್‌ಗೂ ಸೇರಿಸಿಯೇ. ಕೊಯ್ಲು ಮಾಡಿದ ಈರುಳ್ಳಿ ಅಧಿಸೂಚನೆ ಓದಿಕೊಂಡು ಕಾಯುವುದಿಲ್ಲ, ಮೊಳಕೆ ಬರುತ್ತದೆ. ಸುಂಕ ಹಾಕಿದ್ದು ತಪ್ಪಾಯ್ತು ಅಂತ ಅರ್ಥವಾಗಲು ಸೆಪ್ಟೆಂಬರ್ 29ರವರೆಗೆ ಸಮಯ ಹಿಡಿಯಿತು. ಅವತ್ತು ವಿನಾಯಿತಿ ಕೊಟ್ಟರು. ಸುಮ್ನೆ ಕೊಡಲಿಲ್ಲ, ಒಂದು ಷರತ್ತಿತ್ತು. ಇದು ನಿಜವಾಗಲೂ ಬೆಂಗಳೂರು ರೋಸ್ ಈರುಳ್ಳಿಯೇ, ಇಂತಿಷ್ಟೇ ಇದೆ ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರಿಂದ ಪ್ರಮಾಣಪತ್ರ ತರಬೇಕು.

ಕ್ವಾಲಾಲಂಪುರದ ತರಕಾರಿ ಅಂಗಡಿಯವರು ಮಾತ್ರ ಈವರೆಗೆ ಯಾವ ಪತ್ರವನ್ನೂ ಕೇಳಿದಂತಿಲ್ಲ. ಅವರಿಗೆ ನೋಡಿದರೇ ಗೊತ್ತಾಗುತ್ತದೆ.